ಬಾಗಿಲು ಕದ್ದ ಊರು

ಲಾಸ್ ಒಲ್ಮೋಸ್‌ನಲ್ಲಿ ಊರಾಚೆಯ ಖಾಲಿ ಕೋಟೆಯ ಸಾಮಾನು ಇಲ್ಲದ ಮನೆ ಒಂದೂ ಇರಲಿಲ್ಲ. ಊರ ಹಿರಿಯ ದೋನ್ ಪ್ರೊಕೋಪಿಯೊನ ಕೋಳಿಗೂಡಿಗೆ ಕೋಟೆಯ ಸೆರೆಮನೆಯ ಸರಳಿನ ಬಾಗಿಲಿತ್ತು. ಅವನ ಹುಂಜ ಜೀವಾವಧಿ ಶಿಕ್ಷೆಯಾದವನ ಹಾಗೆ ಸರಳಿನ ಸಂದಿಯಿಂದ ಇಣುಕುತ್ತಿತ್ತು. ತೆಲೆಸ್ಫೋರಾಳ ಅಡುಗೆಮನೆಗೆ ಅಧಿಕಾರಿಗಳ ಊಟದ ಮನೆಯ ಗಾಜಿನ ಕಿಟಕಿ. ಚರ್ಚಿನಲ್ಲಿ ಪಾದ್ರಿಗಳ ಮುಂದಿನ ಕಟಕಟೆ ಕೂಡ ಸಿಪಾಯಿಗಳ ಮಹಡಿ ಮೆಟ್ಟಿಲಿನದೇ. ಅದಕ್ಕೇ ಮೊಣಕೈ ಊರಿಕೊಂಡು ಊರವರು ಪ್ರತಿ ಭಾನುವಾರ ಪಾಪ ಕ್ಷಮಿಸೆಂದು ಬೇಡುತ್ತಿದ್ದರು. ಇದನ್ನು ಯಾರೂ ಕಳವು ಎನ್ನುತ್ತಿರಲಿಲ್ಲ. ಬೀಳುವುದರಲ್ಲಿತ್ತು, ಎತ್ತಿಟ್ಟೆವು ಎನ್ನುತ್ತಿದ್ದರು.

ಎಲ್ಲಕ್ಕಿಂತ ಒಳ್ಳೆಯ ಬಾಗಿಲು ಲಿಬ್ರಾದಾಳ ಮನೆಯದು. ಅದು ಕಮಾಂಡರನ ಮನೆಯ ಮುಂಬಾಗಿಲು. ನಾಲ್ಕು ಬೆರಳು ದಪ್ಪದ ಪೈನ್ ಹಲಗೆ. ಇಬ್ಬರು ಗಂಡಸರು ಎತ್ತಿದರೂ ಸೊಂಟ ಹಿಡಿಯುವಷ್ಟು ಭಾರ. ಅದನ್ನು ಮುಚ್ಚಿದರೆ ಹೊರಗೆ ಗುಡುಗಿದ್ದು ಒಳಗೆ ಕೇಳಿಸದು. ಆ ಬಾಗಿಲ ಹಿಂದೆ, ಒಲೆಯ ಪಕ್ಕದಲ್ಲಿ, ಮೂರು ಕಂಬಳಿಗಳ ಕೆಳಗೆ ಅವಳ ಗಂಡ, ಬಡಗಿ ಓನೋಫ್ರೆ, ಕೆಮ್ಮುತ್ತ ಮಲಗಿದ್ದ.

ಕೆಮ್ಮು ಹತ್ತಿದ್ದು ಮೆಕ್ಕೆಜೋಳದ ಕೊಯ್ಲಿನ ಹೊತ್ತಿಗೆ. ಮೊದಲು ದೂಳು ಎಂದರು, ಆಮೇಲೆ ನೆಗಡಿ ಎಂದರು. ಕರವಸ್ತ್ರದಲ್ಲಿ ರಕ್ತ ಕಂಡ ದಿನ ಇಬ್ಬರೂ ಏನೂ ಅನ್ನಲಿಲ್ಲ. ಲಿಬ್ರಾದಾ ಬೆಟ್ಟದ ಬೇರು ಕುದಿಸಿ ಕುಡಿಸಿದಳು, ಎದೆಗೆ ಕುರಿಕೊಬ್ಬು ತಿಕ್ಕಿದಳು. ಕಿಟಕಿಯ ಸಂದುಗಳಿಗೆ ಮಣ್ಣು ಮೆತ್ತಿದಳು. ಬಡಗಿಗಳ ಸಂತ ಸಾನ್ ಹೊಸೆಯ ಮರದ ಮೂರ್ತಿಗೆ ದಿನವೂ ಮೇಣದ ಬತ್ತಿ ಹಚ್ಚಿದಳು. ಅಷ್ಟಾದರೂ ಕೆಮ್ಮು ನಿಲ್ಲದಿದ್ದಾಗ ಅವಳಿಗೆ ರೇಗಿಹೋಯಿತು. ಆ ಕಡೆಯ ಹೆಂಗಸರು ಸಂತರನ್ನು ಅಷ್ಟು ಸುಲಭವಾಗಿ ಬಿಡುವವರಲ್ಲ. ಮೂರ್ತಿಯನ್ನು ಗೂಡಿನಿಂದ ಎತ್ತಿ, ಗಂಡನ ಉಪಕರಣಗಳ ಪೆಟ್ಟಿಗೆಯೊಳಗೆ ಬೋರಲು ಹಾಕಿ, "ನಿಮ್ಮ ಕಸುಬಿನವನನ್ನೇ ನೋಡ್ಕೊಳ್ಳೋಕಾಗ್ಲಿಲ್ಲ ನಿಮ್ಗೆ. ಅವರು ಎದ್ದು ಕೂರೋ ತನಕ ಇಲ್ಲೇ ಬಿದ್ದಿರಿ" ಎಂದು ಮುಚ್ಚಳ ಹಾಕಿದಳು.

ಅದು ಸಾವಿರದ ಎಂಟುನೂರ ತೊಂಬತ್ತೊಂಬತ್ತರ ನವೆಂಬರ್. ನ್ಯೂ ಮೆಕ್ಸಿಕೋದ ಆ ಬೆಟ್ಟಗಳಲ್ಲಿ ಹಿಮ ಬೀಳಲು ಇನ್ನು ಹೆಚ್ಚು ದಿನವಿರಲಿಲ್ಲ. ಒಂದು ಮಧ್ಯಾಹ್ನ ತೆಲೆಸ್ಫೋರಾ ಏದುಸಿರು ಬಿಡುತ್ತ ಓಡಿಬಂದಳು. ಅವಳು ಮದುವೆಯಾಗಿ ಬೇರೆ ಊರಿಗೆ ಹೋದ ಲಿಬ್ರಾದಾಳ ಮಗಳಿಗೆ ದೀಕ್ಷಾಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವಳು. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯಬೇಕು, ಜಗಳವಾಡುವಾಗಲೂ. ಮಗಳ ತಂದೆಯಾದ ಓನೋಫ್ರೆ ಅವಳಿಗೆ ಕೊಂಪಾದ್ರೆ.

"ಕೊಮಾದ್ರೆ, ಮುಗೀತು ನಮ್ಮ ಕಥೆ!"

"ಏನಾಯ್ತೇ? ಮೇಕೆ ತಪ್ಪಿಸ್ಕೊಂಡ್ವಾ?"

"ಮೇಕೆ ಮನೆ ಹಾಳಾಗ! ಸರ್ಕಾರದವರು ಕೋಟೆಗೆ ವಾಪಸ್ ಬಂದಿದಾರೆ. ಗಾಡಿ ಮೇಲೆ ಗಾಡಿ. ಅವರ ದೊಡ್ಡ ಸಾಹೇಬ ಅಂಗಡಿಗೆ ಬಂದವನು ಉಪ್ಪು ಕೇಳ್ಲಿಲ್ಲ, ಎಣ್ಣೆ ಕೇಳ್ಲಿಲ್ಲ. ಕೋಟೇಲಿ ಬಾಗಿಲೆಷ್ಟಿದ್ವು, ಕಿಟಕಿ ಎಷ್ಟಿದ್ವು, ಯಾರಿಗಾದ್ರೂ ಗೊತ್ತಾ ಅಂತ ಕೇಳಿದ್ನಂತೆ!"

ಲಿಬ್ರಾದಾಳ ಕೈ ತಾನಾಗಿ ಬಾಗಿಲ ಹಲಗೆಯ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಯಾವ ದೇಶದಲ್ಲಾದರೂ ಒಂದೇ.

ಆ ಕೋಟೆಯ ಕಥೆಯೇ ವಿಚಿತ್ರ. ಅಪಾಚೆಗಳ ಬೆಟ್ಟದಲ್ಲಿ ಕೋಟೆ ಕಟ್ಟಿಕೊಂಡು, ಅಪಾಚೆಗಳು ಬರಬಾರದೆಂದು ಅಮೆರಿಕದ ಸಿಪಾಯಿಗಳು ನಲವತ್ತು ವರ್ಷ ಕಾವಲು ಕಾದರು. ನಡುವೆ ತಮ್ಮತಮ್ಮಲ್ಲೇ ಯುದ್ಧ ಹತ್ತಿಕೊಂಡಾಗ, ಇನ್ನೊಬ್ಬರಿಗೆ ಸಿಗಬಾರದೆಂದು ತಾವೇ ಅದಕ್ಕೆ ಬೆಂಕಿ ಇಟ್ಟು ಓಡಿದರು. ಯುದ್ಧ ಮುಗಿದ ಮೇಲೆ ಬಂದು, ಸುಟ್ಟ ಗೋಡೆ ನೋಡಿ, ಮತ್ತೆ ಕಟ್ಟಿದರು. ಹಾಗೆ ಕಟ್ಟುವಾಗ ಲಾಸ್ ಒಲ್ಮೋಸ್‌ನ ಗಂಡಸರಿಗೆಲ್ಲ ಕೆಲಸ ಸಿಕ್ಕಿತು. ಓನೋಫ್ರೆಗೆ ಆಗಿನ್ನೂ ಮೀಸೆ ಚಿಗುರುವ ವಯಸ್ಸು. ಕಮಾಂಡರನ ಮನೆಯ ಬಾಗಿಲು ಮಾಡಿದವನು ಅವನೇ. ಕಮಾಂಡರನ ಹೆಂಡತಿಗೆ ಬೆಟ್ಟದ ಗಾಳಿ ಆಗುತ್ತಿರಲಿಲ್ಲವಂತೆ. "ಒಂದು ಎಳೆ ಗಾಳಿ ಒಳಗೆ ಬಂದರೆ ನಿನ್ನನ್ನು ಸೆರೆಮನೆಗೆ ಹಾಕ್ತೀನಿ" ಎಂದು ಕಮಾಂಡರ್ ನಗುನಗುತ್ತ ಹೇಳಿದ್ದ. ಆ ನಗುವನ್ನು ನಂಬದ ಓನೋಫ್ರೆ ಹಲಗೆಗೆ ಹಲಗೆ ಕೂಡಿಸಿ, ಕೂದಲು ತೂರದ ಹಾಗೆ ಮಾಡಿಕೊಟ್ಟ.

ಮುಂದೆ ಅಪಾಚೆಗಳನ್ನು ದಿಣ್ಣೆಯಾಚೆ ಒಂದು ಕಡೆ ಕೂಡಿಹಾಕಿದ್ದಾಯಿತು. ಹೆದರಿಸುವವರಿಲ್ಲದ ಮೇಲೆ ಹೆದರುವವರಿಗೇನು ಕೆಲಸ? ಸಿಪಾಯಿಗಳು ವಾದ್ಯ ಬಾರಿಸುತ್ತ ಹೊರಟುಹೋದರು. ಅವರಿಗೆ ಹುಲ್ಲು ಮಾರಿ, ಅವರ ಬಟ್ಟೆ ಒಗೆದು ಬದುಕಿದ್ದ ಊರು ಮಂಕಾಯಿತು. ಮೊದಲ ವರ್ಷ ಊರವರು ಖಾಲಿ ಕೋಟೆಯನ್ನು ದೂರದಿಂದ ನೋಡಿದರು ಅಷ್ಟೆ. ಎರಡನೇ ವರ್ಷ ಒಂದು ಕಿಟಕಿ ಗಾಳಿಗೆ ಬಿತ್ತು. ಬಿದ್ದದ್ದನ್ನು ಪ್ರೊಕೋಪಿಯೊ ಮನೆಗೆ ತಂದ. ಆಮೇಲೆ ಗಾಳಿ ಬೀಸದ ದಿನವೂ ಕಿಟಕಿಗಳು ಬೀಳತೊಡಗಿದವು.

ಲಿಬ್ರಾದಾ ಮಾತ್ರ ಮೊನ್ನೆಮೊನ್ನೆಯವರೆಗೆ ಏನನ್ನೂ ತಂದಿರಲಿಲ್ಲ. ಗಂಡ ರಕ್ತ ಕಾರಿದ ವಾರ, ತನ್ನ ಮನೆಯ ಸೀಳುಬಿಟ್ಟ ಬಾಗಿಲ ಸಂದಿಯಿಂದ ಗಾಳಿ ಸುಯ್ಯೆಂದು ನುಗ್ಗುವುದನ್ನು ನೋಡಿ ಅವಳೇ ಹಟ ಹಿಡಿದಳು.

"ನಾನು ಮಾಡಿಕೊಟ್ಟ ವಸ್ತೂನ ನಾನೇ ಎತ್ಕೊಂಡು ಬರೋದೇನೇ?" ಎಂದಿದ್ದ ಓನೋಫ್ರೆ.

"ನೀವು ಬರೋದೇನೂ ಬೇಡ. ಬಾಗಿಲು ಬರ್ಲಿ" ಎಂದಿದ್ದಳು ಅವಳು. ಪ್ರೊಕೋಪಿಯೊನೂ ತೆಲೆಸ್ಫೋರಾಳ ಗಂಡನೂ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದು, ಒಂದು ಲೋಟ ಬಿಸಿ ಗಂಜಿ ಕುಡಿದು, ಕೂಲಿ ಮುಟ್ಟದೆ ನಿಲ್ಲಿಸಿಕೊಟ್ಟಿದ್ದರು.

ಈಗ ಅದೇ ಪ್ರೊಕೋಪಿಯೊನ ಮನೆಯಲ್ಲಿ ಊರು ಸೇರಿತು. ಪ್ರತಿಯೊಬ್ಬರೂ ತಮ್ಮದು ಮಾತ್ರ ಕಳವಲ್ಲ ಎಂದು ಸಾಧಿಸಲು ಬಂದವರೇ.

"ನನ್ನದು ಬರೀ ಕೋಳಿಗೂಡಿನ ಬಾಗಿಲಪ್ಪ" ಎಂದ ಪ್ರೊಕೋಪಿಯೊ. "ಅದೂ ಸೆರೆಮನೇದು. ಸೆರೆಮನೆ ಬಾಗಿಲು ತೆಗೆಯೋದು ಪುಣ್ಯದ ಕೆಲಸ ಅಲ್ವಾ?"

"ಹೌದೌದು, ಪೋಪ್ ಪಾದ್ರಿಗಳು ನಿಮ್ಗೆ ಪದಕ ಕಳಿಸ್ತಾರೆ" ಎಂದಳು ತೆಲೆಸ್ಫೋರಾ. "ನೆಲದ ಹಲಗೆ ಕಿತ್ತವರು ಯಾರು ಅಂತಾನೂ ಕೇಳಿ ಕಳಿಸ್ತಾರೆ."

ಕೊನೆಗೆ ಎಲ್ಲವನ್ನೂ ಬಚ್ಚಿಡುವುದೆಂದು ತೀರ್ಮಾನವಾಯಿತು. ಆ ಎರಡು ದಿನ ಲಾಸ್ ಒಲ್ಮೋಸ್‌ನಲ್ಲಿ ನಡೆದ ಕೆಲಸವನ್ನು ನೋಡಿದ್ದರೆ ನೀವೂ ನಕ್ಕುಬಿಡುತ್ತಿದ್ದಿರಿ. ಬಾಗಿಲುಗಳು ಹುಲ್ಲಿನ ಮೆದೆಯೊಳಗೆ ಹೋದವು, ಕಿಟಕಿಗಳು ಬಾವಿಯ ಪಕ್ಕದ ಹಳ್ಳಕ್ಕೆ ಇಳಿದವು. ಊರಿನ ಮನೆಗಳೆಲ್ಲ ಹಲ್ಲು ಬಿದ್ದ ಮುದುಕರ ಹಾಗೆ ಬಾಯಿ ಕಳೆದು ನಿಂತವು. ಮೇಕೆಗಳು ಹೇಳದೆ ಕೇಳದೆ ಅಡುಗೆಮನೆಗೆ ಬಂದು ತೊರ್ತಿಯಾ ರೊಟ್ಟಿ ತಿಂದು ಹೋದವು. ಗೂಡಿಗೆ ಬಾಗಿಲಿಲ್ಲದ ಪ್ರೊಕೋಪಿಯೊನ ಕೋಳಿಗಳಲ್ಲಿ ಎರಡನ್ನು ನರಿ ಒಯ್ದಿತು. ಕಳ್ಳತನ ಮುಚ್ಚಲು ಹೋಗಿ, ದಾರಿಯಲ್ಲಿ ಹೋಗುವ ಯಾರಿಗಾದರೂ ಇಲ್ಲೇನೋ ಕಳ್ಳತನವಾಗಿದೆ ಎಂದು ಅನ್ನಿಸುವ ಹಾಗೆ ಊರು ಮಾಡಿಕೊಂಡಿತು.

ಬಾಗಿಲು ತೆಗೆಯದವಳು ಲಿಬ್ರಾದಾ ಒಬ್ಬಳೇ.

"ಕೊಮಾದ್ರೆ, ನಿನ್ನೊಬ್ಬಳಿಂದ ನಾವೆಲ್ಲ ಸಿಕ್ಕಿಬೀಳ್ತೀವಿ" ಎಂದು ತೆಲೆಸ್ಫೋರಾ ಹೊಸ್ತಿಲಲ್ಲಿ ನಿಂತು ಕೂಗಿದಳು. "ಊರಲ್ಲೆಲ್ಲ ಕಂಬಳಿ ತೂಗ್ತಾ ಇದೆ, ನಿಂದು ಮಾತ್ರ ಅರಮನೆ ಬಾಗಿಲು!"

"ನಿಂಗೆ ಕಿಟಕಿ ಹೋದ್ರೆ ಹೊಗೆ ಹೋಗುತ್ತೆ ಅಷ್ಟೆ. ನಂಗೆ ಇದು ಹೋದ್ರೆ ಗಂಡ ಹೋಗ್ತಾನೆ."

ತೆಲೆಸ್ಫೋರಾ ಹೊಸ್ತಿಲಿನಿಂದ ಇಳಿದಳು. ಆದರೂ ಹೊರಡುವಾಗ, "ಭಾನುವಾರದೊಳಗೆ ನೀನು ತೆಗೀದಿದ್ರೆ ಗಂಡಸರು ಬಂದು ತೆಗೀತಾರಂತೆ. ನಾನು ಹೇಳಿದ್ದಲ್ಲ, ಅವರು ಹೇಳಿ ಕಳಿಸಿದ್ದು" ಎಂದಳು. ಕಣ್ಣು ತಪ್ಪಿಸಿಕೊಂಡು ಹೇಳಿದಳು.

ಒಳಗೆ ಓನೋಫ್ರೆ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಹಣೆ ಬೆವರಿತ್ತು, ಕೈ ಮಾತ್ರ ತಣ್ಣಗಿತ್ತು. "ಕೊಟ್ಬಿಡೇ. ಒಂದು ಹಲಗೆಗೋಸ್ಕರ ಊರಿನ ಜೊತೆ ಜಗಳ ಯಾಕೆ?" ಎಂದ. ಅಷ್ಟು ಹೇಳುವುದರೊಳಗೆ ಎರಡು ಸಲ ಕೆಮ್ಮಿದ.

"ನೀವು ಸುಮ್ನೆ ಮಲಗಿ" ಎಂದಳು ಲಿಬ್ರಾದಾ. ಅವಳಿಗೆ ಸೆರೆಮನೆಯ ಹೆದರಿಕೆ ಇರಲಿಲ್ಲ. ಈ ಚಳಿಗಾಲ ದಾಟಿದರೆ ಸಾಕು ಎಂಬುದೊಂದೇ ಅವಳ ಮನಸ್ಸಿನಲ್ಲಿದ್ದದ್ದು. ಈಸ್ಟರ್ ಬಂದು ಬಿಸಿಲು ಏರಿದರೆ, ಬಾಗಿಲೇನು, ಬೇಕಿದ್ದರೆ ಮನೆಯನ್ನೇ ಕಿತ್ತುಕೊಂಡು ಹೋಗಲಿ.

ಮರುದಿನ ಬೆಳಿಗ್ಗೆ ಒಲೆಗೆ ಕಟ್ಟಿಗೆ ತುಂಬಿ, ಬಾಗಿಲನ್ನು ಭದ್ರವಾಗಿ ಎಳೆದುಕೊಂಡು, ಮೇಕೆಯ ಹಾಲು ಒಡೆಸಿ ಕಟ್ಟಿದ ಒಂದು ಗಿಣ್ಣಿನ ಉಂಡೆ ಬಟ್ಟೆಯಲ್ಲಿ ಕಟ್ಟಿಕೊಂಡು ಅವಳು ಕತ್ತೆಯ ಮೇಲೆ ಕೋಟೆಗೆ ಹೊರಟಳು. ಆ ಸಾಹೇಬನ ಕಾಲು ಹಿಡಿದಾದರೂ ಈಸ್ಟರ್‌ವರೆಗೆ ಬಾಗಿಲು ಬೇಡಿಕೊಳ್ಳುವುದು ಎಂದು ಗಟ್ಟಿ ಮಾಡಿಕೊಂಡಿದ್ದಳು. ಹಿಂದಿನ ಸಂಜೆಯೇ ಮೊದಲ ಹಿಮ ಬಿದ್ದು ದಾರಿಯೆಲ್ಲ ಬೆಳ್ಳಗಾಗಿತ್ತು. ಕತ್ತೆ ಹೆಜ್ಜೆಗೊಮ್ಮೆ ನಿಂತು, ನಿನಗೇನು ಹುಚ್ಚೇ ಎಂಬಂತೆ ಹಿಂದಿರುಗಿ ನೋಡುತ್ತಿತ್ತು.

ಕೋಟೆಯ ಅಂಗಳಕ್ಕೆ ಕಾಲಿಟ್ಟವಳು ಅಲ್ಲೇ ಕಲ್ಲಾದಳು. ಸಿಪಾಯಿಗಳು ಕವಾಯತು ಮಾಡುತ್ತಿದ್ದ ಅಂಗಳದ ಸುತ್ತ, ಜಗಲಿಯುದ್ದಕ್ಕೂ, ಮಂಚಗಳ ಸಾಲು. ಮಂಚಕ್ಕೊಬ್ಬ ಮನುಷ್ಯ. ಕುತ್ತಿಗೆಯವರೆಗೆ ಕಂಬಳಿ, ತಲೆಗೆ ಉಣ್ಣೆ ಟೋಪಿ, ಕಂಬಳಿಯ ತುದಿಗೆ ಹಿಮ. ಯಾರೂ ಅಲುಗಾಡುತ್ತಿರಲಿಲ್ಲ. ಅವರ ಹಿಂದೆ ಇಬ್ಬರು ಆಳುಗಳು ಗೋಡೆಯಿಂದ ಕಿಟಕಿಗಳನ್ನು ಕೀಳುತ್ತಿದ್ದರು. ಅಂಗಳದ ಮೂಲೆಯಲ್ಲಿ ಬಾಗಿಲುಗಳ ಒಂದು ದೊಡ್ಡ ರಾಶಿ ಬಿದ್ದಿತ್ತು.

ಲಿಬ್ರಾದಾಳಿಗೆ ಎಲ್ಲವೂ ಅರ್ಥವಾಗಿಹೋಯಿತು. ಬಾಗಿಲುಗಳನ್ನು ವಸೂಲು ಮಾಡಿ ರಾಶಿ ಹಾಕಿದ್ದಾರೆ. ಇವರು ಬೇರೆ ಊರುಗಳ ಬಾಗಿಲುಗಳ್ಳರು. ಕದ್ದ ತಪ್ಪಿಗೆ ಹಿಮದಲ್ಲಿ ಮಲಗಿಸಿ ಕೊಲ್ಲುತ್ತಿದ್ದಾರೆ. ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಯಾಕೆ ಸೆನ್ಯೋರಾ, ನಾನಿನ್ನೂ ಸತ್ತಿಲ್ಲ" ಎಂದಿತು ಹತ್ತಿರದ ಮಂಚ, ಅಚ್ಚ ಸ್ಪ್ಯಾನಿಷ್‌ನಲ್ಲಿ. "ಆ ಗಿಣ್ಣಿನ ವಾಸನೆಗೆ ಸತ್ತವನೂ ಏಳ್ತಾನೆ ಅನ್ನಿ."

ಕಂಬಳಿಯೊಳಗಿಂದ ಒಂದು ಕೆಂಪು ಮೂಗು, ಎರಡು ತುಂಟ ಕಣ್ಣು ಕಂಡವು.

"ಅಯ್ಯೋ ಮಗನೇ" ಎಂದಳು ಲಿಬ್ರಾದಾ. ಕಣ್ಣಲ್ಲಿ ನೀರು ತುಂಬಿತು. "ಎಷ್ಟು ಬಾಗಿಲು ಕದ್ದಿದ್ದೆಯಪ್ಪಾ ನೀನು?"

ಅವನು ಪಕ್ಕದ ಮಂಚಕ್ಕೆ ಇಂಗ್ಲಿಷಿನಲ್ಲಿ ಏನೋ ಹೇಳಿದ. ಅದು ಅದರಾಚೆಯ ಮಂಚಕ್ಕೆ ಹೇಳಿತು. ಜಗಲಿಯುದ್ದಕ್ಕೂ ನಗು ಹರಡಿಕೊಂಡು ಹೋಯಿತು. ಹಿಮ ಹೊದ್ದು ಮಲಗಿದ ಅಷ್ಟೊಂದು ಜನ ನಗುವುದನ್ನು ಕಂಡು ಅವಳಿಗೆ ಇನ್ನೂ ಹೆದರಿಕೆಯಾಯಿತು.

ಅವನ ಹೆಸರು ಎವಾರಿಸ್ತೊ, ಚಿಲಿ ದೇಶದ ವಾಲ್‌ಪರೈಸೊದವನು, ಅಮೆರಿಕದ ಸರಕು ಹಡಗಿನಲ್ಲಿ ಖಲಾಸಿ. ಅಲ್ಲಿದ್ದವರೆಲ್ಲ ಹಡಗಿನವರೇ, ಎಲ್ಲರಿಗೂ ಕ್ಷಯ. ಸಮುದ್ರವೇ ಕಾಣದ ಈ ಬೆಟ್ಟದ ಕೋಟೆಯನ್ನು ಸರ್ಕಾರ ಅವರಿಗೆ ಆಸ್ಪತ್ರೆ ಮಾಡಿಕೊಟ್ಟಿತ್ತು. ಇಷ್ಟನ್ನು ಅವನು ಹೇಳುವಷ್ಟರಲ್ಲಿ ಕನ್ನಡಕದ, ಸೊರಗಿದ ಮುಖದ ಒಬ್ಬ ಸಾಹೇಬ ನಗುವಿನ ಕಾರಣ ಕೇಳುತ್ತ ಬಂದ. ಅಂಗಡಿಯಲ್ಲಿ ಬಾಗಿಲ ಲೆಕ್ಕ ಕೇಳಿದವನು ಇವನೇ, ಡಾಕ್ಟರ್ ವಿಕರಿ.

ಲಿಬ್ರಾದಾ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಗಿಣ್ಣಿನ ಗಂಟನ್ನು ಅವನ ಕೈಗೆ ತುರುಕಿದಳು.

"ಸಾಹೇಬ್ರೆ, ಕಮಾಂಡರನ ಬಾಗಿಲು ನನ್ನ ಮನೇಲಿದೆ. ನಾನೇ ತರಿಸಿದ್ದು, ಬೇರೆ ಯಾರ್ದೂ ತಪ್ಪಿಲ್ಲ. ನನ್ನ ಗಂಡ ಕೆಮ್ಮಿ ಕೆಮ್ಮಿ ರಕ್ತ ಕಾರ್ತಾ ಇದಾರೆ. ಈಸ್ಟರ್ ತನಕ ಬಿಟ್ಕೊಡಿ. ಆಮೇಲೆ ನಾನೇ ಬೆನ್ನ ಮೇಲೆ ಹೊತ್ಕೊಂಡು ತಂದ್ಕೊಡ್ತೀನಿ."

ಎವಾರಿಸ್ತೊ ನಗು ನಿಲ್ಲಿಸಿ, ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ. ಡಾಕ್ಟರ್ ಬಾಗಿಲ ವಿಷಯ ಕೇಳಲೇ ಇಲ್ಲ. ಕೆಮ್ಮು ಎಂದಿನಿಂದ, ಸಂಜೆ ಜ್ವರ ಬರುತ್ತದೆಯೇ, ಊಟ ಸೇರುತ್ತದೆಯೇ ಎಂದು ಕೇಳಿದ. ಕೊನೆಗೆ, ಮಲಗುವ ಕೋಣೆ ಹೇಗಿದೆ ಎಂದು ಕೇಳಿಸಿದ.

ಇಷ್ಟು ಹೊತ್ತಿಗೆ ಲಿಬ್ರಾದಾಳಿಗೆ ಹೆಮ್ಮೆಪಡಲು ಒಂದು ಪ್ರಶ್ನೆ ಸಿಕ್ಕಿತು. "ಅದರ ಬಗ್ಗೆ ಮಾತೇ ಬೇಡ. ಕಿಟಕಿಗೆಲ್ಲ ಮಣ್ಣು ಮೆತ್ತಿದೀನಿ. ಈ ಬಾಗಿಲು ಹಾಕಿದ್ರೆ ಒಂದು ಎಳೆ ಗಾಳಿ ಒಳಗೆ ಬರಲ್ಲ. ಒಲೆ ಆರೋಕೆ ಬಿಡಲ್ಲ ನಾನು."

ಎವಾರಿಸ್ತೊ ಇದನ್ನು ಹೇಳುತ್ತಿದ್ದ ಹಾಗೆ ಡಾಕ್ಟರನ ಮುಖ ಇಳಿಯಿತು. ಅವನು ಚಿಕ್ಕದಾಗಿ ಏನೋ ಹೇಳಿದ.

"ಆ ಬಾಗಿಲನ್ನ ಇವತ್ತೇ ತೆಗೀಬೇಕಂತೆ ಸೆನ್ಯೋರಾ."

"ತೆಗೀಬೇಕಾ?" ಲಿಬ್ರಾದಾಳ ಸಹನೆ ಕಟ್ಟೆಯೊಡೆಯಿತು. "ಒಂದು ಹಲಗೆ ಬಿಟ್ಟುಕೊಡೋಕೆ ನಿಮ್ಮ ಸರ್ಕಾರಕ್ಕೆ ಕೈ ಬರಲ್ವಾ? ಹೊರಗೆ ಹಿಮ ಬಿದ್ದಿದೆ. ಅವರನ್ನ ಸಾಯ್ಸಿ ನಿಮ್ಗೆ ಏನು ಬರ್ಬೇಕು? ಎಲ್ಲಿ ನನ್ನ ಗಿಣ್ಣು, ವಾಪಸ್ ಕೊಡಿ ಇಲ್ಲಿ!"

"ತಾಳಿ, ತಾಳಿ" ಎಂದ ಎವಾರಿಸ್ತೊ. "ಹಲಗೆ ಯಾರಿಗೆ ಬೇಕು? ಆ ರಾಶಿ ನೋಡಿ. ಅದೆಲ್ಲ ನಾವೇ ಕಿತ್ತಿದ್ದು. ಇಲ್ಲಿ ಎಷ್ಟು ಬಾಗಿಲು ಕೀಳ್ಬೇಕಾಗುತ್ತೆ, ಎಷ್ಟು ಆಳು ಬೇಕಾಗುತ್ತೆ ಅಂತ ತಿಳ್ಕೊಳ್ಳೋಕೆ ಇವರು ಅಂಗಡೀಲಿ ಕೇಳಿದ್ದು. ಬಂದು ನೋಡಿದ್ರೆ ಅರ್ಧ ಕೆಲಸ ಯಾರೋ ಪುಣ್ಯಾತ್ಮರು ಆಗ್ಲೇ ಮುಗಿಸ್ಬಿಟ್ಟಿದ್ರು! ಕೋಣೆಗಳು ತೆರೆದಿರ್ಬೇಕು ನೋಡಿ. ನಮ್ಗೆ ಇದೇ ಔಷಧಿ. ಗಾಳಿ, ಹಾಲು, ಮೊಟ್ಟೆ, ಮಿಸುಕಾಡದೆ ಮಲಗೋದು."

"ಗಾಳಿ? ಕೆಮ್ಮಿಗೆ?"

"ಕೇಳಿ ಇಲ್ಲಿ. ಹಡಗಿನ ಮೂತೀಲಿ, ಹಲಗೆ ಕೆಳಗೆ, ಇಂಥ ಹತ್ತು ಮಂಚ ಹಿಡಿಸೋಷ್ಟು ಜಾಗಾನೂ ಇಲ್ದಿರೋ ಡಬ್ಬಿಯೊಳಗೆ ನಾವು ಹತ್ತು ಹನ್ನೆರಡು ಜನ ಮಲಗ್ತಿದ್ವಿ. ಅಲೆ ಬರುತ್ತೆ ಅಂತ ಬಾಗಿಲು ಗಟ್ಟಿಯಾಗಿ ಹಾಕ್ತಿದ್ವಿ. ಒಬ್ಬ ಕೆಮ್ಮಿದ, ಆಮೇಲೆ ಎಲ್ಲರೂ ಕೆಮ್ಮಿದ್ವಿ. ನನ್ನನ್ನ ಹಡಗಿಂದ ಎತ್ತಿ ಇಳಿಸಿದ್ದು. ಬೇಸಿಗೆಯಿಂದ ಬಂದರಿನ ಆಸ್ಪತ್ರೇಲೂ ಹಿಂಗೇ ಹೊರಗೆ ಮಲಗಿದ್ದೆ. ಈಗ ನೋಡಿ, ನಿಮ್ಮ ಹತ್ರ ಹೆಂಗೆ ಹರಟ್ತಾ ಇದೀನಿ. ಈ ಡಾಕ್ಟ್ರೂ ಹಿಂಗೇ ಹೊರಗೆ ಮಲಗಿ ಎದ್ದು ಬಂದವರೇ."

ಡಾಕ್ಟರ್ ತಲೆಯಾಡಿಸಿದ. ತನ್ನ ಎದೆಯ ಬಲಭಾಗವನ್ನು ಬೆರಳಿನಿಂದ ತಟ್ಟಿ ತೋರಿಸಿ, ಬರುವಷ್ಟು ಸ್ಪ್ಯಾನಿಷ್‌ನಲ್ಲಿ, "ನನಗೂ. ಇಲ್ಲಿ" ಎಂದ. ಎಲ್ಲರೂ ಗುಣವಾಗಿ ಏಳುವುದಿಲ್ಲ ಎಂದೂ ಹೇಳಿದ. ಸುಳ್ಳು ಹೇಳುವ ಮನುಷ್ಯನಲ್ಲ ಅವನು.

ಲಿಬ್ರಾದಾ ನಂಬಲಿಲ್ಲ. ಹೇಗೆ ನಂಬುವುದು? ಅಜ್ಜಿಯ ಕಾಲದಿಂದ ಕೆಮ್ಮಿದವರನ್ನು ಮುಚ್ಚಿಟ್ಟೇ ಕಾಪಾಡಿದ್ದು. ಮುಚ್ಚಿಟ್ಟವರಲ್ಲಿ ಎಷ್ಟು ಜನ ಉಳಿದರು ಎಂದು ಮಾತ್ರ ಯಾರೂ ನೆನಪು ಮಾಡಿಕೊಂಡಿರಲಿಲ್ಲ. ಅವಳ ತಾಯಿ, ಚಿಕ್ಕಪ್ಪ, ತೆಲೆಸ್ಫೋರಾಳ ತಂಗಿ ಎಲ್ಲರೂ ಮುಚ್ಚಿದ ಕೋಣೆಯಿಂದ ಹೆಣವಾಗಿಯೇ ಹೊರಗೆ ಬಂದಿದ್ದರು. ಅದು ಈಗ, ಈ ಅಂಗಳದಲ್ಲಿ ನಿಂತಾಗ ಅವಳಿಗೆ ಹೊಳೆಯಿತು. ಕೈ ಚಾಚಿ ಎವಾರಿಸ್ತೊನ ಕಂಬಳಿಯೊಳಗಿದ್ದ ಕೈಯನ್ನು ಹಿಡಿದು ನೋಡಿದಳು. ರಾತ್ರಿಯೆಲ್ಲ ಹಿಮದಲ್ಲಿ ಮಲಗಿದವನ ಕೈ ಒಣಗಿತ್ತು, ಬೆಚ್ಚಗಿತ್ತು, ಆಗ ತಾನೇ ಬೆಂದ ರೊಟ್ಟಿಯ ಹಾಗೆ. ಒಲೆಯ ಪಕ್ಕ ಮಲಗಿಸಿದ ಗಂಡನ ತಣ್ಣನೆಯ ಬೆವರುಕೈ ಅವಳಿಗೆ ನೆನಪಾಯಿತು.

"ಅವರನ್ನ ಇಲ್ಲಿಗೆ ಕರ್ಕೊಂಡು ಬರ್ಲಾ?" ಎಂದಳು.

"ಆಸ್ಪತ್ರೆ ಹಡಗಿನವರಿಗೆ ಮಾತ್ರ" ಎಂದ ಎವಾರಿಸ್ತೊ, ಡಾಕ್ಟರನ ಮಾತು ಕೇಳಿಸಿಕೊಂಡು. "ಆದ್ರೆ ಡಾಕ್ಟ್ರು ಕುದುರೆ ಮೇಲೆ ಸುಮ್ನೆ ತಿರುಗಾಡೋಕೆ ನಿಮ್ಮೂರ ಕಡೆ ಬರ್ತಾರಂತೆ. ಬಾಗಿಲು ಇನ್ನೂ ನಾಲ್ಕು ಬೇಕಿದ್ರೆ ಗಾಡೀಲಿ ಹಾಕ್ಕೊಂಡು ಹೋಗಿ ಅಂತಿದಾರೆ. ಇಲ್ಲಿ ಜಾಗ ಇಲ್ಲ. ಗಿಣ್ಣು ಮಾತ್ರ ವಾಪಸ್ ಕೊಡಲ್ವಂತೆ."

ಆಗ ಲಿಬ್ರಾದಾ ನಕ್ಕಳು. ಎರಡು ತಿಂಗಳಲ್ಲಿ ಅದೇ ಮೊದಲ ನಗು. ಅಳುವೂ ಜೊತೆಗೇ ಬಂತು.

ಮಧ್ಯಾಹ್ನ ಕತ್ತೆಯ ಮೇಲೆ ಲಿಬ್ರಾದಾ ಮುಂದೆ, ಕುದುರೆಯ ಮೇಲೆ ಸಾಹೇಬ ಹಿಂದೆ ಬರುವುದನ್ನು ಕಂಡು ಊರಿಗೆ ಊರೇ ನಡುಗಿತು. ಹೆಂಗಸರು ತೂಗುಹಾಕಿದ ಕಂಬಳಿಗಳ ಹಿಂದೆ ಬಚ್ಚಿಟ್ಟುಕೊಂಡರು. ಪ್ರೊಕೋಪಿಯೊ ಹಿರಿಯನಾದ ತಪ್ಪಿಗೆ ಮುಂದೆ ಬರಲೇಬೇಕಾಯಿತು. ಬಾಗಿಲಿಲ್ಲದ ಕೋಳಿಗೂಡಿನ ಮುಂದೆ ಎರಡೂ ಕೈ ಚಾಚಿ ನಿಂತ.

"ಸಾಹೇಬ್ರೆ, ಅದು ನನ್ನ ಬಾಗಿಲಲ್ಲ. ಹುಂಜದ್ದು" ಎಂದ.

"ದೋನ್ ಪ್ರೊಕೋಪಿಯೊ, ಸಾಕು ಮಾಡಿ" ಎಂದಳು ಲಿಬ್ರಾದಾ. "ಹುಲ್ಲು ಮೆದೆಯಿಂದ ತೆಗೆದು ಹಾಕ್ಕೊಳ್ಳಿ, ಇರೋ ಕೋಳೀನಾದ್ರೂ ಉಳಿಸ್ಕೊಳ್ಳಿ. ಇವರಿಗೆ ಬಾಗಿಲೇ ಬೇಡ್ವಂತೆ. ಅವರ ಅರ್ಧ ಕೆಲಸ ನಾವು ಮಾಡಿಕೊಟ್ಟಿದೀವಂತೆ."

ಕಂಬಳಿಗಳ ಹಿಂದಿನಿಂದ ತಲೆಗಳು ಒಂದೊಂದಾಗಿ ಹೊರಬಂದವು. ಹೋದ ಜೀವ ಬಂದಂತಾಗಿ ಪ್ರೊಕೋಪಿಯೊ ಗೂಡಿನ ಕಟ್ಟೆಯ ಮೇಲೆ ಕೂತೇಬಿಟ್ಟ. "ನಾನು ಮೊದಲೇ ಹೇಳಿರ್ಲಿಲ್ವಾ, ಅದು ಪುಣ್ಯದ ಕೆಲಸ ಅಂತ?" ಎಂದು ಸುತ್ತಲೂ ನೋಡಿದ. ಆ ಮಾತನ್ನು ಅವನು ಆಮೇಲೆ ಬದುಕಿರುವ ತನಕ ಬಿಡಲಿಲ್ಲ.

ಡಾಕ್ಟರ್ ಓನೋಫ್ರೆಯ ಬೆನ್ನಿಗೂ ಎದೆಗೂ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದ. ಒಳಗಿನ ಸೆಖೆಗೆ ಅವನ ಕನ್ನಡಕಕ್ಕೆ ಮಂಜು ಕಟ್ಟಿತ್ತು. ಲಿಬ್ರಾದಾ ಅವನ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಕೊನೆಗೆ ಅವನು ಒಂದು ಬೆರಳು ಎತ್ತಿದ. "ಒಂದು ಕಡೆ ಮಾತ್ರ. ಇನ್ನೂ ಹೊತ್ತು ಮೀರಿಲ್ಲ" ಎಂದ. ಉಗುಳನ್ನು ಮುಚ್ಚಳದ ಡಬ್ಬಿಯಲ್ಲಿ ಹಿಡಿದು ಸುಡಬೇಕು, ಹಗಲೂ ರಾತ್ರಿ ಹೊರಗೆ ಮಲಗಬೇಕು ಎಂದು ತೋರಿಸಿಕೊಟ್ಟ.

ತೆಲೆಸ್ಫೋರಾಳ ಗಂಡ ಬಾಗಿಲು ಕಳಚುವಾಗ ಮಲಗಿದ್ದಲ್ಲಿಂದಲೇ ಓನೋಫ್ರೆ ಹೇಳಿಕೊಟ್ಟ. "ಮೇಲಿನ ಕೀಲು ಮೊದಲು. ಹಂಗಲ್ಲ ಕಣೋ, ಎತ್ತಿ ಎಳಿ." ಕೊನೆಯ ಕೀಲು ಬಿಟ್ಟು ಬೆಳಕು ಮನೆಯೊಳಗೆ ಬಿದ್ದಾಗ ಅವನು ನಿಟ್ಟುಸಿರಿಟ್ಟ. "ಕಮಾಂಡರ್ ಗಾಳಿ ಬರಬಾರ್ದು ಅಂದಿದ್ದ. ಅವನು ಹೇಳಿದ್ದಕ್ಕಿಂತ ಚೆನ್ನಾಗಿ ಮಾಡಿಬಿಟ್ಟಿದ್ದೆ."

ಮನೆಯ ಹಳೆಯ ಮಂಚ ಕಾಲು ಸಡಿಲವಾಗಿ ಅಲ್ಲಾಡುತ್ತಿತ್ತು, ಅದನ್ನು ಹೊರಗೆ ಹಾಕುವಂತಿರಲಿಲ್ಲ. ಹಾಗಾಗಿ ದಕ್ಷಿಣದ ಜಗಲಿಯ ಮೇಲೆ ಎರಡು ದಿಮ್ಮಿ ಇಟ್ಟು, ಅದರ ಮೇಲೆ ಆ ಬಾಗಿಲನ್ನೇ ಮಲಗಿಸಿದರು. ಅದರ ಮೇಲೆ ಕುರಿತುಪ್ಪಳದ ಹಾಸಿಗೆ, ಹಾಸಿಗೆಯ ಮೇಲೆ ಓನೋಫ್ರೆ. ತೆಲೆಸ್ಫೋರಾ ಹೇಳದೆ ಕೇಳದೆ ತನ್ನ ಮನೆಯ ದಪ್ಪ ಕಂಬಳಿ ತಂದು ಅವನ ಕಾಲಿಗೆ ಹೊದಿಸಿದಳು. "ನನ್ನ ಕೊಂಪಾದ್ರೆ ಸತ್ರೆ ನಿನ್ನನ್ನ ಸುಮ್ನೆ ಬಿಡಲ್ಲ" ಎಂದು ಲಿಬ್ರಾದಾಳಿಗೆ ಬೈದು ಹೋದಳು.

ಆ ಚಳಿಗಾಲ ಲಿಬ್ರಾದಾ ಪಟ್ಟ ಪಾಡು ಅವಳಿಗೇ ಗೊತ್ತು. ಗಂಡನ ಹುಬ್ಬಿನ ಮೇಲೆ ಹಿಮ ಕೂತದ್ದನ್ನು ಒರೆಸುವಾಗಲೆಲ್ಲ ನಾನೇನು ಮಾಡುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಆದರೆ ಕ್ರಿಸ್ಮಸ್ ಹೊತ್ತಿಗೆ ಅವನು ಎರಡನೇ ಬಟ್ಟಲು ಬೇಯಿಸಿದ ಕಾಳು ಕೇಳಿದ. ಹೊಸ ವರ್ಷ ಕಳೆದ ಮೇಲೆ ರಕ್ತ ಕಾಣಲಿಲ್ಲ. ಡಾಕ್ಟರ್ ತಿರುಗಾಡಲು ಬಂದಾಗಲೆಲ್ಲ ಎದೆಗೆ ಕಿವಿಗೊಟ್ಟು, ಒಂದು ಗಿಣ್ಣು ಒಯ್ಯುತ್ತಿದ್ದ. ಅವನು ನಗದೆ ಹೋದ ದಿನ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಫೆಬ್ರವರಿಯಲ್ಲಿ ಅವನು ನಗುತ್ತ ಹೋದ.

ಮಾರ್ಚ್ ಹತ್ತೊಂಬತ್ತು ಸಾನ್ ಹೊಸೆಯ ಹಬ್ಬ. ಊರಿನಲ್ಲಿ ಬೆಳಿಗ್ಗೆಯಿಂದ ಗಂಟೆ ಬಾರಿಸುತ್ತಿತ್ತು. ಲಿಬ್ರಾದಾ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು.

"ಲಿಬ್ರಾದಾ!" ಎಂದು ಹೊರಗಿನಿಂದ ಕೂಗು ಬಂತು.

ಅವಳು ಹಿಟ್ಟಿನ ಕೈಯಲ್ಲೇ ಓಡಿದಳು. ಓನೋಫ್ರೆ ಹಾಸಿಗೆ ಸುತ್ತಿ ಪಕ್ಕಕ್ಕಿಟ್ಟು, ಬಾಗಿಲಿನ ಮೇಲೆ ಕೂತು, ಒಂದು ಕಡೆ ಬೆರಳಾಡಿಸುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿತ್ತು.

"ಇಲ್ಲೊಂದು ಗಂಟಿದೆ ನೋಡೇ. ಚಳಿಗಾಲವೆಲ್ಲ ಬೆನ್ನಿಗೆ ಚುಚ್ಚಿ ಚುಚ್ಚಿ ಸಾಯ್ಸಿತು. ಎಂಥಾ ದರಿದ್ರ ಕೆಲಸ! ಯಾವನು ಮಾಡಿದ್ದು ಇದನ್ನ?"

"ನೀವೇ."

"ನಾನಾ? ಹಂಗಾದ್ರೆ ನಾನೇ ಸರಿ ಮಾಡ್ಬೇಕು. ನನ್ನ ಕೀಸುಳಿ ಎಲ್ಲಿ? ಕೊಡು ಇಲ್ಲಿ."

ಕಾಯಿಲೆ ಬಿದ್ದ ಮೇಲೆ ಅವನು ಉಪಕರಣ ಕೇಳಿದ್ದು ಅದೇ ಮೊದಲು. ಲಿಬ್ರಾದಾ ಒಳಗೆ ಹೋಗಿ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಕೀಸುಳಿಯ ಮೇಲೆ, ಬೋರಲು ಬಿದ್ದ ಹಾಗೇ, ಸಾನ್ ಹೊಸೆ ಮಲಗಿದ್ದರು. ಈ ಗಲಾಟೆಯಲ್ಲಿ ಅವಳು ಅವರನ್ನು ಪೂರ್ತಿ ಮರೆತುಬಿಟ್ಟಿದ್ದಳು.

"ಅಯ್ಯೋ ಸ್ವಾಮಿ" ಎಂದಳು. ಮೂರ್ತಿಯನ್ನು ಎತ್ತಿ ಶಾಲಿನ ಅಂಚಿನಿಂದ ಮೂಗಿನ ಮೇಲಿನ ದೂಳು ಒರೆಸಿದಳು. "ಊರಿಗೆಲ್ಲ ಗಾಳಿ ಬೇಕು ಅಂತ ಆದ್ಮೇಲೂ ನಿಮ್ಮನ್ನ ಮುಚ್ಚಿಟ್ಟೇ ಬಿಟ್ಟಿದ್ನಲ್ಲ. ಕೆಮ್ಮು ಗಿಮ್ಮು ಬಂದಿಲ್ಲ ತಾನೇ?"

ಕೀಸುಳಿಯನ್ನು ಗಂಡನ ಕೈಗೆ ಕೊಟ್ಟು ಬಂದು, ಬಾಗಿಲಿಲ್ಲದ ಬಾಗಿಲವಾಡದ ಪಕ್ಕ, ಗಾಳಿ ಬೀಸುವ ಕಡೆಗೇ ಮೂರ್ತಿಯನ್ನು ನಿಲ್ಲಿಸಿದಳು. ಹೊರಗೆ ಹಲಗೆ ಕೀಸುವ ಸದ್ದು ಶುರುವಾಯಿತು. ಲಿಬ್ರಾದಾ ಹಿಟ್ಟಿನ ಕೈಯಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ನಿಂತು ಕೇಳಿದಳು. ಒಂದು ಸಲ ಕೀಸಿದ, ಎರಡು ಸಲ ಕೀಸಿದ, ಮತ್ತೆ ಮತ್ತೆ ಕೀಸಿದ. ನಡುವೆ ಎಲ್ಲೂ ಕೆಮ್ಮಲಿಲ್ಲ.